ಬೀಜದ ಸಸಿ, ತುಂಡಿನ ಸಸಿ: ಜೀವಕೋಶ ಒಡೆಯುವ ಎರಡು ಬಗೆ

ಹೈಬ್ರಿಡ್ ಮುಸುಕಿನ ಜೋಳದಲ್ಲಿ ದಪ್ಪ ದಪ್ಪ ತೆನೆಗಳನ್ನು ಆರಿಸಿ, ನೆರಳಿನಲ್ಲಿ ಒಣಗಿಸಿ, ಬೇವಿನ ಸೊಪ್ಪು ಬೆರೆಸಿ ಜೋಪಾನವಾಗಿಟ್ಟು ಮುಂದಿನ ಹಂಗಾಮಿನಲ್ಲಿ ಬಿತ್ತಿದರೆ ಏನಾಗುತ್ತದೆಂಬುದು ಅನೇಕ ರೈತರಿಗೆ ತಿಳಿದೇ ಇದೆ. ಒಂದು ಗಿಡ ಸೊಂಟದ ಮಟ್ಟ, ಪಕ್ಕದ್ದು ತಲೆಗಿಂತ ಎತ್ತರ. ಒಂದು ಬೇಗ ಸೂಲಂಗಿ ಬಿಟ್ಟರೆ ಇನ್ನೊಂದು ವಾರ ತಡ. ತೆನೆಯೂ ಹಾಗೆಯೇ, ಹತ್ತರಲ್ಲಿ ನಾಲ್ಕು ದಪ್ಪ, ಉಳಿದವು ಪೀಚು. ಭೂಮಿ ಅದೇ, ಗೊಬ್ಬರ ಅದೇ, ಮಳೆಯೂ ಕೈಕೊಟ್ಟಿಲ್ಲ. ಆದರೆ ಅದೇ ಜಮೀನಿನ ಇನ್ನೊಂದು ಬದಿಯಲ್ಲಿ ಕಬ್ಬಿದೆ. ಅದರ ಬಿತ್ತನೆ ತುಂಡನ್ನು ಹತ್ತು ವರ್ಷದ ಹಿಂದೆ ನೆಂಟರ ಊರಿನಿಂದ ತಂದದ್ದು. ಅಲ್ಲಿಂದೀಚೆಗೆ ಪ್ರತಿ ಸಲವೂ ತಮ್ಮದೇ ಗದ್ದೆಯ ಜಲ್ಲೆ ಕತ್ತರಿಸಿ ನೆಡುತ್ತಿದ್ದಾರೆ. ಕಬ್ಬಿನ ಬಣ್ಣ, ಗೆಣ್ಣಿನ ಅಂತರ, ಸಿಹಿ, ಯಾವುದೂ ಬದಲಾಗಿಲ್ಲ. ಆ ಕಬ್ಬು ಸಹ ಹೈಬ್ರಿಡ್ಡೇ!

ಜೋಳದ ಹೈಬ್ರಿಡ್ ಒಂದೇ ವರ್ಷಕ್ಕೆ ಕೆಡುತ್ತದೆ, ಕಬ್ಬಿನ ಹೈಬ್ರಿಡ್ ಕೆಡುವುದಿಲ್ಲ. ಇದಕ್ಕೆ ಬೀಜದ ಕಂಪನಿಯ ಕೈಚಳಕ ಕಾರಣವೆಂದು ಕೆಲವರು ಹೇಳುವುದುಂಟು. ನಿಜವಾದ ಕಾರಣ ಗಿಡದ ಜೀವಕೋಶದಲ್ಲಿದೆ. ಕೋಶಗಳು ಒಡೆದು ಹೆಚ್ಚುವುದು ಒಂದೇ ರೀತಿಯಲ್ಲಿ ಅಲ್ಲ, ಎರಡು ರೀತಿಯಲ್ಲಿ. ನಾವು ನೆಡುವ ವಸ್ತು ಯಾವ ರೀತಿಯ ಒಡೆತದಿಂದ ಬಂದದ್ದು ಎಂಬುದನ್ನು ತಿಳಿದರೆ, ಯಾವುದನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು, ಯಾವುದಕ್ಕೆ ಪ್ರತಿವರ್ಷ ಹಣ ಕೊಡಲೇಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಕೋಶದೊಳಗಿನ ಜೋಡಿಗಳು

ಗಿಡವಾಗಲಿ ಪ್ರಾಣಿಯಾಗಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಆದದ್ದು. ಪ್ರತಿ ಕೋಶದ ನಡುವೆ ಕೋಶಕೇಂದ್ರವಿದ್ದು, ಅದರಲ್ಲಿ ದಾರದಂತಹ ವರ್ಣತಂತುಗಳು ಇರುತ್ತವೆ. ಗಿಡದ ಎತ್ತರ, ಕಾಳಿನ ಬಣ್ಣ, ರೋಗ ತಡೆಯುವ ಶಕ್ತಿ ಮುಂತಾದ ಗುಣಗಳನ್ನು ನಿರ್ಧರಿಸುವ ವಂಶವಾಹಿಗಳು ಈ ವರ್ಣತಂತುಗಳ ಮೇಲೆ ಸಾಲಾಗಿ ಕುಳಿತಿವೆ. ಒಂದೊಂದು ಬೆಳೆಗೂ ಇವುಗಳ ಸಂಖ್ಯೆ ಗೊತ್ತಾಗಿದೆ. ಈರುಳ್ಳಿಗೆ 16, ಮುಸುಕಿನ ಜೋಳಕ್ಕೂ ಬಿಳಿ ಜೋಳಕ್ಕೂ 20, ಭತ್ತಕ್ಕೆ 24, ತೆಂಗು ಮತ್ತು ಅಡಿಕೆಗೆ 32, ರಾಗಿಗೆ 36, ಮಾವಿಗೆ 40. ದನಗಳಲ್ಲಿ 60.

ಎಲ್ಲವೂ ಸಮಸಂಖ್ಯೆಗಳೇ ಎಂಬುದನ್ನು ಗಮನಿಸಿರಿ. ವರ್ಣತಂತುಗಳು ಜೋಡೆತ್ತುಗಳಿದ್ದಂತೆ. ಭತ್ತದ 24 ಎಂದರೆ 12 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ತಾಯಿಯ ಕಡೆಯಿಂದ, ಅಂದರೆ ಅಂಡದಿಂದ ಬಂದದ್ದು. ಇನ್ನೊಂದು ತಂದೆಯ ಕಡೆಯಿಂದ, ಅಂದರೆ ಪರಾಗದಿಂದ ಬಂದದ್ದು. ಎರಡರ ಮೇಲೂ ಒಂದೇ ಗುಣಗಳಿಗೆ ಸಂಬಂಧಿಸಿದ ವಂಶವಾಹಿಗಳು ಒಂದೇ ಸಾಲಿನಲ್ಲಿರುತ್ತವೆ. ಆದರೆ ಎರಡೂ ಕಡೆ ಒಂದೇ ಗುಣ ಇರಬೇಕೆಂದಿಲ್ಲ. ತಾಯಿಯದು ಗಿಡ್ಡ ಗುಣ, ತಂದೆಯದು ಎತ್ತರದ ಗುಣ ಆಗಿರಬಹುದು.

ಮೊದಲ ಬಗೆ: ಮೈಟಾಸಿಸ್

ಬೇರಿನ ತುದಿ, ಕುಡಿ, ಮೊಗ್ಗು, ತೊಗಟೆಯ ಕೆಳಗಿನ ಹಸಿರು ಪದರ, ಇಲ್ಲೆಲ್ಲ ಕೋಶಗಳು ಒಡೆಯುತ್ತಲೇ ಇರುತ್ತವೆ. ಗಿಡ ಬೆಳೆಯುವುದೇ ಹೀಗೆ. ಇದಕ್ಕೆ ಮೈಟಾಸಿಸ್ ಅಥವಾ ಸಮವಿಭಜನೆ ಎಂದು ಹೆಸರು. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಎಂಬ ವಿಜ್ಞಾನಿ 1882ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಹೆಸರನ್ನು ಬಳಕೆಗೆ ತಂದ. ಗ್ರೀಕ್ ಭಾಷೆಯಲ್ಲಿ ದಾರ ಎಂಬರ್ಥದ ಪದದಿಂದ ಅದು ಬಂದಿದೆ.

ಕೋಶ ಒಡೆಯುವುದಕ್ಕೆ ಮುಂಚೆ ಪ್ರತಿಯೊಂದು ವರ್ಣತಂತುವೂ ತನ್ನಂತೆಯೇ ಇನ್ನೊಂದನ್ನು ನಕಲು ಮಾಡಿಕೊಳ್ಳುತ್ತದೆ. ಮೂಲ ಮತ್ತು ನಕಲು ಎರಡೂ ಒಂದು ಗಂಟಿನಲ್ಲಿ ಅಂಟಿಕೊಂಡಿರುತ್ತವೆ. ನಂತರ ಅವೆಲ್ಲ ಕೋಶದ ಮಧ್ಯಕ್ಕೆ ಬಂದು ಒಂದೊಂದಾಗಿ ಸಾಲು ನಿಲ್ಲುತ್ತವೆ. ಕೋಶದ ಎರಡು ತುದಿಗಳಿಂದ ಹುರಿಯಂತಹ ಎಳೆಗಳು ಬಂದು, ಮೂಲವನ್ನು ಒಂದು ಕಡೆಗೂ ನಕಲನ್ನು ಇನ್ನೊಂದು ಕಡೆಗೂ ಎಳೆದೊಯ್ಯುತ್ತವೆ. ಮಧ್ಯದಲ್ಲಿ ಗೋಡೆ ಎದ್ದು ಒಂದು ಕೋಶ ಎರಡಾಗುತ್ತದೆ. 24 ಇದ್ದ ಕೋಶದಿಂದ 24 ಇರುವ ಎರಡು ಕೋಶಗಳು. ತಾಲ್ಲೂಕು ಕಚೇರಿಯಿಂದ ಪಹಣಿಯ ನಕಲು ತಂದಂತೆ, ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲ. ಸೂಕ್ಷ್ಮದರ್ಶಕವಿರುವ ಯಾವುದೇ ಪ್ರೌಢಶಾಲೆಯಲ್ಲಿ ಈರುಳ್ಳಿ ಬೇರಿನ ತುದಿಗೆ ಬಣ್ಣ ಹಾಕಿ ಇದನ್ನು ತೋರಿಸಬಹುದು. ಮಕ್ಕಳನ್ನು ಕೇಳಿ ನೋಡಿರಿ.

ಇದರಲ್ಲಿ ಮುಖ್ಯ ಅಂಶವೆಂದರೆ, ಜೋಡಿಯಲ್ಲಿರುವ ತಾಯಿಯ ತಂತುವಿಗೂ ತಂದೆಯ ತಂತುವಿಗೂ ಇಲ್ಲಿ ಭೇಟಿಯೇ ಆಗುವುದಿಲ್ಲ. ಒಂದೇ ಮನೆಯಲ್ಲಿದ್ದರೂ ಅವರವರ ಕೆಲಸ ಅವರವರಿಗೆ. ಆದ್ದರಿಂದ ಗುಣಗಳ ಅದಲುಬದಲು ಸಾಧ್ಯವಿಲ್ಲ. ಕಬ್ಬಿನ ತುಂಡು, ಬಾಳೆಯ ಕಂದು, ಅರಿಶಿನದ ಗೆಡ್ಡೆ, ಹಿಪ್ಪುನೇರಳೆಯ ಕಡ್ಡಿ, ಮಾವಿನ ಕಸಿಕೊಂಬೆ ಇವುಗಳಿಂದ ಬರುವ ಸಸಿ ಹೊಸ ಗಿಡವೆಂದು ನಾವು ಹೇಳುತ್ತೇವೆ. ಗುಣದ ದೃಷ್ಟಿಯಿಂದ ಅದು ಹಳೆಯ ಗಿಡವೇ, ಜಾಗ ಬದಲಿಸಿದೆ ಅಷ್ಟೆ.

ಎರಡನೆಯ ಬಗೆ: ಮಿಯಾಸಿಸ್

ಹೂವಿನಲ್ಲಿ ಮಾತ್ರ ಬೇರೆಯದೇ ಕೆಲಸ ನಡೆಯಬೇಕು. ಭತ್ತದ ಪರಾಗದಲ್ಲಿ 24, ಅಂಡದಲ್ಲಿ 24 ಇದ್ದಿದ್ದರೆ ಎರಡೂ ಕೂಡಿ ಮುಂದಿನ ತಲೆಮಾರಿಗೆ 48, ಅದರ ಮುಂದಿನದಕ್ಕೆ 96 ಆಗುತ್ತಾ ಹೋಗಬೇಕಿತ್ತು. ಹಾಗಾಗದಿರಲು ಪರಾಗ ಮತ್ತು ಅಂಡ ತಯಾರಾಗುವ ಮೊದಲು ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಈ ಕ್ಷೀಣ ವಿಭಜನೆಗೆ ಮಿಯಾಸಿಸ್ ಎಂಬ ಹೆಸರಿದ್ದು, ಕಡಿಮೆ ಮಾಡುವುದು ಎಂಬುದು ಆ ಗ್ರೀಕ್ ಪದದ ಅರ್ಥ. 1905ರಲ್ಲಿ ಈ ಹೆಸರಿಟ್ಟ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳಲ್ಲಿ ಒಬ್ಬರ ಹೆಸರು ಮೂರ್, ಇನ್ನೊಬ್ಬರ ಹೆಸರು ಫಾರ್ಮರ್, ಎಂದರೆ ರೈತ!

ಪರಾಗಚೀಲದ ಒಳಗಿರುವ ತಾಯಿಕೋಶದಲ್ಲಿ ಮೊದಲು ಎಂದಿನಂತೆ ನಕಲು ತಯಾರಾಗುತ್ತದೆ. ಆಮೇಲೆ ನಡೆಯುವುದು ಮೈಟಾಸಿಸ್‌ನಲ್ಲಿ ಎಂದೂ ನಡೆಯದ ಸಂಗತಿ. ಇಷ್ಟು ದಿನ ದೂರವಿದ್ದ ತಾಯಿಯ ತಂತು ಮತ್ತು ತಂದೆಯ ತಂತು ಒಂದನ್ನೊಂದು ಹುಡುಕಿಕೊಂಡು ಬಂದು ಉದ್ದಕ್ಕೂ ಅಂಟಿ ನಿಲ್ಲುತ್ತವೆ. ಅಲ್ಲಲ್ಲಿ ತುಂಡಾಗಿ, ಒಂದರ ತುಂಡು ಇನ್ನೊಂದಕ್ಕೆ ಸೇರಿಕೊಳ್ಳುತ್ತದೆ. ಅಕ್ಕಪಕ್ಕದ ಜಮೀನಿನವರು ಅನುಕೂಲಕ್ಕಾಗಿ ಒಂದೊಂದು ಪಟ್ಟಿ ಅದಲುಬದಲು ಮಾಡಿಕೊಳ್ಳುವುದಿಲ್ಲವೇ, ಹಾಗೆ. ನಂತರ ಜೋಡಿಗಳು ಕೋಶದ ಮಧ್ಯೆ ಜೋಡಿಯಾಗಿಯೇ ನಿಂತು, ಒಂದು ಈ ಕಡೆಗೆ, ಒಂದು ಆ ಕಡೆಗೆ ಬೇರ್ಪಡುತ್ತವೆ. ಸಂಖ್ಯೆ ಅರ್ಧವಾಗುವುದು ಇಲ್ಲಿ. ಹೀಗಾದ ಎರಡು ಕೋಶಗಳು ಮತ್ತೊಮ್ಮೆ ಒಡೆದು, ಅಂಟಿಕೊಂಡಿದ್ದ ಮೂಲ ಮತ್ತು ನಕಲು ಬೇರೆಯಾಗುತ್ತವೆ. ಒಟ್ಟಿನಲ್ಲಿ ಒಂದು ಸಲ ನಕಲು, ಎರಡು ಸಲ ಒಡೆತ, ನಾಲ್ಕು ಕೋಶ. ಪರಾಗಚೀಲದಲ್ಲಿ ನಾಲ್ಕೂ ಪರಾಗದ ಕಣಗಳಾಗುತ್ತವೆ. ಅಂಡಾಶಯದ ಕಡೆ ಸಾಮಾನ್ಯವಾಗಿ ಮೂರು ಸತ್ತು ಒಂದೇ ಉಳಿಯುತ್ತದೆ.

ಯಾವ ಜೋಡಿಯಲ್ಲಿ ಯಾವುದು ಯಾವ ಕಡೆಗೆ ಹೋಗುತ್ತದೆ ಎಂಬುದಕ್ಕೆ ನಿಯಮವಿಲ್ಲ. ಮೊದಲ ಜೋಡಿಯಲ್ಲಿ ತಾಯಿಯದು, ಎರಡನೆಯದರಲ್ಲಿ ತಂದೆಯದು, ಮೂರನೆಯದರಲ್ಲೂ ತಂದೆಯದು, ಹೀಗೆ ಬರಬಹುದು. ಮುಸುಕಿನ ಜೋಳದ 10 ಜೋಡಿಗಳಿಂದ 1,024 ರೀತಿಯ ಪರಾಗ ಆಗಬಹುದು. ಭತ್ತದ 12 ಜೋಡಿಗಳಿಂದ 4,096 ರೀತಿ. ತೆಂಗಿನ 16 ಜೋಡಿಗಳಿಂದ 65,536 ರೀತಿ. ತುಂಡುಗಳ ಅದಲುಬದಲನ್ನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ. ಪರಾಗದ ಕಡೆ ಇಷ್ಟು, ಅಂಡದ ಕಡೆಯೂ ಇಷ್ಟೇ. ಒಂದು ಮರದ ಎರಡು ಕಾಯಿಗಳು ಒಂದೇ ಗುಣದವಾಗಿ ಬರುವುದು ಏಕೆ ಅಪರೂಪವೆಂದು ಇದರಿಂದ ಊಹಿಸಬಹುದು.

ಹಾಗಾದರೆ ರಾಗಿ ಬೀಜ ಏಕೆ ಕೆಡುವುದಿಲ್ಲ?

ಇದು ನ್ಯಾಯವಾದ ಪ್ರಶ್ನೆ. ರಾಗಿಯೂ ಬೀಜದಿಂದಲೇ ಬರುವ ಬೆಳೆ, ಅದರ ಹೂವಿನಲ್ಲೂ ಮಿಯಾಸಿಸ್ ನಡೆಯುತ್ತದೆ. ಆದರೂ ತಲೆತಲಾಂತರದಿಂದ ನಮ್ಮವರು ಗುಡಾಣದಲ್ಲಿಟ್ಟ ರಾಗಿಯನ್ನೇ ಬಿತ್ತಿದ್ದಾರೆ.

ರಾಗಿಯ ಹೂವು ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತದೆ. ಹೀಗೆ ಸ್ವಕೀಯವಾಗಿ ಕಾಳು ಕಟ್ಟುವ ಬೆಳೆಯಲ್ಲಿ, ಜೋಡಿಯ ಎರಡೂ ತಂತುಗಳು ಬೇರೆ ಬೇರೆಯಾಗಿರುವ ಪ್ರಮಾಣ ತಲೆಮಾರಿಗೆ ಅರ್ಧದಂತೆ ಇಳಿಯುತ್ತದೆ. ಮೊದಲು ನೂರಕ್ಕೆ 100 ಇದ್ದದ್ದು 50, ಆಮೇಲೆ 25, ಹೀಗೆ ಆರು ತಲೆಮಾರು ಕಳೆದರೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಆಗ ಜೋಡಿಯ ಎರಡೂ ತಂತುಗಳು ಒಂದೇ ಆಗಿಬಿಡುತ್ತವೆ. ಎಲ್ಲಾ ಎಲೆಗಳೂ ಒಂದೇ ಆಗಿರುವ ಇಸ್ಪೀಟಿನ ಕಟ್ಟನ್ನು ಎಷ್ಟು ಕಲೆಸಿದರೇನು, ಬರುವುದು ಅದೇ ಎಲೆ. ರಾಗಿಯಲ್ಲಿ, ಹಾಗೆಯೇ ಜಯಾದಂತಹ ಭತ್ತದ ತಳಿಗಳಲ್ಲಿ, ಮಿಯಾಸಿಸ್ ನಡೆದರೂ ಬೆಳೆ ಕೆಡದಿರುವುದು ಈ ಕಾರಣದಿಂದ.

ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಮಾಡಿದ ಕೆಲಸವನ್ನು ಇಲ್ಲಿ ನೆನೆಯಬೇಕು. ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಅವರು ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ ಮತ್ತು ಆಫ್ರಿಕಾ ಎಂಬ ಎರಡು ಹೆಸರು ಕೂಡಿ ಇಂಡಾಫ್ ಆಯಿತು. ಸಂಕರದ ಮರುವರ್ಷ ಅವರ ಮಡಿಗಳಲ್ಲಿ ನಿಂತದ್ದು ನಾವು ಮೇಲೆ ಹೇಳಿದ ಜೋಳದಂತಹ ಏರುಪೇರಿನ ಬೆಳೆಯೇ. ಸಂಕರಣಕಾರನಿಗೆ ಬೇಕಾದದ್ದೂ ಅದೇ. ಆ ಏರುಪೇರಿನಲ್ಲಿ ಉತ್ತಮವಾದವನ್ನು ಆರಿಸಿ, ಹಲವು ತಲೆಮಾರು ಸ್ವಕೀಯವಾಗಿ ಬೆಳೆಸಿ ಸ್ಥಿರಪಡಿಸಿದ ಮೇಲೆ ರೈತರ ಕೈಗೆ ಕೊಡುತ್ತಾರೆ. ಆದ್ದರಿಂದ ಇಂಡಾಫ್ ಸಂಕರದಿಂದ ಹುಟ್ಟಿದ್ದರೂ ರೈತನು ಬೀಜ ಇಟ್ಟುಕೊಳ್ಳಬಹುದಾದ ತಳಿ. ಬೆರಕೆ ತೆನೆಗಳನ್ನು ಕೀಳುತ್ತಾ ಬಂದರೆ ಕೆಲವು ವರ್ಷ ಚಿಂತೆಯಿಲ್ಲ.

ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಹೈಬ್ರಿಡ್ ಬೀಜ ಹಾಗಲ್ಲ. ಎರಡು ಶುದ್ಧ ಸಾಲುಗಳ ನಡುವಿನ ಮೊದಲ ತಲೆಮಾರು ಅದು. ಪ್ರತಿ ಗಿಡದಲ್ಲೂ ತಾಯಿಯ ತಂತು ಒಂದು ರೀತಿ, ತಂದೆಯ ತಂತು ಇನ್ನೊಂದು ರೀತಿ. ಎಲ್ಲಾ ಗಿಡಗಳಲ್ಲೂ ಈ ವ್ಯತ್ಯಾಸ ಒಂದೇ ಬಗೆಯಾಗಿರುವುದರಿಂದ ಹೊಲ ಕತ್ತರಿಸಿಟ್ಟಂತೆ ಸಮನಾಗಿರುತ್ತದೆ. ಇಳುವರಿಯ ಚೈತನ್ಯವೂ ಈ ವ್ಯತ್ಯಾಸದಿಂದಲೇ. ಆದರೆ ಅದೇ ಗಿಡ ಹೂ ಬಿಟ್ಟಾಗ ಮಿಯಾಸಿಸ್ ನಡೆದು ಇಸ್ಪೀಟು ಕಲೆಸುತ್ತದೆ. ಅದರ ಕಾಳನ್ನು ಬಿತ್ತಿದರೆ, ತಂದೆತಾಯಿ ಸಾಲುಗಳಿಗಿಂತ ಹೈಬ್ರಿಡ್ಡು ಎಷ್ಟು ಹೆಚ್ಚು ಕೊಡುತ್ತಿತ್ತೋ ಆ ಹೆಚ್ಚುವರಿಯಲ್ಲಿ ಸುಮಾರು ಅರ್ಧದಷ್ಟು ಒಂದೇ ತಲೆಮಾರಿನಲ್ಲಿ ಹೋಗುತ್ತದೆಂದು ಲೆಕ್ಕ. ಉಳಿದ ಬೆಳೆ ಸಮನಾಗಿಯೂ ಇರುವುದಿಲ್ಲ. ಮಂಡ್ಯದಲ್ಲೇ ತಯಾರಾದ ಕೆ.ಆರ್.ಎಚ್.-2 ನಂತಹ ಹೈಬ್ರಿಡ್ ಭತ್ತದಲ್ಲಿ ಇನ್ನೊಂದು ತೊಂದರೆಯಿದೆ. ಅದರ ತಾಯಿ ಸಾಲು ಪರಾಗವಿಲ್ಲದ ಗಂಡುಬಂಜೆ ಸಾಲು. ಮರುವರ್ಷದ ಬೆಳೆಯಲ್ಲಿ ಕೆಲವು ಗಿಡಗಳಿಗೆ ಆ ಬಂಜೆತನ ಮರುಕಳಿಸಿ ತೆನೆ ಜೊಳ್ಳಾಗುತ್ತದೆ.

ಹತ್ತಿಯಲ್ಲಿ 1972ರಲ್ಲಿ ಧಾರವಾಡದಿಂದ ಹೊರಬಂದ ವರಲಕ್ಷ್ಮಿ ಹಿರಿಯ ರೈತರಿಗೆ ನೆನಪಿರಬಹುದು. ಡಾ. ಕಟರಕಿಯವರು ಅಮೆರಿಕನ್ ಜಾತಿಯ ಲಕ್ಷ್ಮಿ ಹತ್ತಿಯನ್ನು ಈಜಿಪ್ಟ್ ಹತ್ತಿಯ ಜಾತಿಗೆ ಸೇರಿದ ಉದ್ದ ಎಳೆಯ ತಳಿಯೊಂದಿಗೆ ಕೂಡಿಸಿದರು. ಎರಡರಲ್ಲೂ 52 ವರ್ಣತಂತುಗಳಿದ್ದುದರಿಂದ ಜೋಡಿ ಕೂಡುವುದಕ್ಕೆ ಅಡ್ಡಿಯಾಗಲಿಲ್ಲ. ನಮ್ಮ ಜವಾರಿ ಹತ್ತಿಯಲ್ಲಿ ಇರುವುದು 26 ಮಾತ್ರ, ಅದರೊಂದಿಗೆ ಈ ಕೂಟ ಸುಲಭವಲ್ಲ. ವರಲಕ್ಷ್ಮಿ ಬೀಜಕ್ಕಾಗಿ ಸಂಜೆ ಮೊಗ್ಗಿನ ಕೇಸರಗಳನ್ನು ಕೈಯಿಂದ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸಬೇಕಿತ್ತು. ಬೀಜ ದುಬಾರಿಯೆಂದು ಅದರದೇ ಹತ್ತಿಕಾಳನ್ನು ಮರಳಿ ಬಿತ್ತಿದರೆ ಎರಡು ಜಾತಿಗಳ ಗುಣಗಳೂ ಚೆಲ್ಲಾಪಿಲ್ಲಿಯಾಗಿ ಎಳೆಯ ಉದ್ದವೂ ಸಮನಾಗಿರುವುದಿಲ್ಲ. 2002ರ ನಂತರ ಬಂದ ಬಿ.ಟಿ. ಹೈಬ್ರಿಡ್‌ಗಳಿಗೂ ಇದೇ ಮಾತು. ಕಾಯಿಕೊರಕವನ್ನು ತಡೆಯುವ ವಂಶವಾಹಿ ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಬಂದಿದ್ದರೆ, ಇಟ್ಟುಕೊಂಡ ಬೀಜದ ನಾಲ್ಕು ಗಿಡಗಳಲ್ಲಿ ಒಂದಕ್ಕೆ ಆ ಗುಣ ಇರುವುದಿಲ್ಲ. ಯಾವ ಗಿಡವೆಂದು ನೋಡಿ ಹೇಳಲು ಬರುವುದಿಲ್ಲ.

ತೆಂಗು ಮತ್ತು ಅಡಿಕೆಯ ಪಾಡು

ಬೀಜದ ಬೆಳೆಗಳಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ತೆಂಗಿಗೆ. ಒಮ್ಮೆ ನೆಟ್ಟರೆ ಅರವತ್ತು ವರ್ಷ ನಿಲ್ಲುವ ಮರ. ತಪ್ಪು ಸಸಿ ಎಂದು ತಿಳಿಯುವ ಹೊತ್ತಿಗೆ ಏಳೆಂಟು ವರ್ಷ ಕಳೆದಿರುತ್ತದೆ. ಎತ್ತರದ ತೆಂಗಿನಲ್ಲಿ ಒಂದೇ ಹೊಂಬಾಳೆಯ ಗಂಡು ಹೂಗಳು ಮೊದಲು ಅರಳಿ ಉದುರಿ, ಹೆಣ್ಣು ಹೂಗಳು ಆಮೇಲೆ ಸಿದ್ಧವಾಗುತ್ತವೆ. ಆದ್ದರಿಂದ ಪರಾಗ ಬಹುತೇಕ ಬೇರೆ ಮರದ್ದು. ಬೀಜದ ಕಾಯಿಗೆ ಒಳ್ಳೆಯ ತಾಯಿಮರ ಆರಿಸಿದರೆ ಅರ್ಧ ಕೆಲಸವಾಯಿತು, ಉಳಿದರ್ಧ ಗಾಳಿ ಮತ್ತು ಜೇನಿನ ಕೈಯಲ್ಲಿದೆ. ಬೇಲಿಯಂಚಿನ ಒಂಟಿ ಮರ ಎಷ್ಟೇ ಕಾಯಿ ಬಿಡಲಿ, ಬದುವಿನ ಬಸಿ, ಕೊಟ್ಟಿಗೆಯ ಗೊಬ್ಬರದಿಂದ ಹಾಗೆ ಬಿಟ್ಟಿರಬಹುದು. ಸುತ್ತಲೂ ಒಳ್ಳೆಯ ಮರಗಳೇ ಇರುವ ತೋಟದ ನಡುವಿನ ಮರದಿಂದ ಕಾಯಿ ತೆಗೆಯಿರಿ ಎಂದು ಹೇಳುವುದು ಪರಾಗವೂ ಒಳ್ಳೆಯ ಮರದಿಂದ ಬರಲಿ ಎಂಬ ಕಾರಣಕ್ಕೆ.

ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಸಂಕರ ಮಾಡಿದ ಹೈಬ್ರಿಡ್ ಮರಗಳ ಕಾಯಿಯನ್ನು ಮಾತ್ರ ಸಸಿ ಮಾಡಬೇಡಿರಿ. ಸಂಕರ ಸಸಿಯನ್ನು ನರ್ಸರಿಯಿಂದ ತಂದು ನೆಟ್ಟವರು ಅದರ ಕಾಯಿಯನ್ನೇ ಪಾತಿಯಲ್ಲಿಟ್ಟು ಅಕ್ಕಪಕ್ಕದವರಿಗೆ ಹಂಚುವುದನ್ನು ಈಗಲೂ ಕಾಣುತ್ತೇವೆ. ಉಪಕಾರವೆಂದು ಕೊಟ್ಟ ಆ ಸಸಿಗಳಲ್ಲಿ ಹತ್ತು ಬಗೆ ಇರುತ್ತವೆ. ಅಡಿಕೆಯ ಸಂಕರಕ್ಕೂ ಇದು ಅನ್ವಯಿಸುತ್ತದೆ.

ಹೈಬ್ರಿಡ್ ಆದರೂ ಕೈಬಿಡದ ಬೆಳೆಗಳು

ಕೇರಳದ ಪನ್ನಿಯೂರಿನಲ್ಲಿ ತಯಾರಾದ ಪನ್ನಿಯೂರು-1 ಕರಿಮೆಣಸು ಎರಡು ನಾಟಿ ತಳಿಗಳ ನಡುವಿನ ಹೈಬ್ರಿಡ್. ಕೊಡಗು, ಮಲೆನಾಡಿನ ತೋಟಗಳಲ್ಲಿ ಅದು ಐವತ್ತು ವರ್ಷದಿಂದ ಇದೆ, ಯಾರೂ ವರ್ಷ ವರ್ಷ ಅದಕ್ಕೆ ಹೊಸ ಬೀಜ ಕೊಳ್ಳುವುದಿಲ್ಲ. ಬಳ್ಳಿ ಕತ್ತರಿಸಿ ನೆಟ್ಟರಾಯಿತು, ಬರುವುದು ಮೈಟಾಸಿಸ್‌ನ ನಕಲು. ಹೈಬ್ರಿಡ್ಡಿನ ಚೈತನ್ಯ ಇದ್ದಂತೆಯೇ ಉಳಿಯುತ್ತದೆ. ನೀಲಂ ಮತ್ತು ದಶೇರಿ ಮಾವಿನ ಸಂಕರವಾದ ಮಲ್ಲಿಕಾ ಕಸಿಯಲ್ಲಿ ಉಳಿದಿರುವುದೂ ಹೀಗೆಯೇ. ಹೈಬ್ರಿಡ್ ಎಂದ ಕೂಡಲೇ ಕೆಟ್ಟುಹೋಗುವುದೆಂದು ತಿಳಿಯಬಾರದು. ಅದನ್ನು ಬೀಜದಿಂದ ಮುಂದುವರಿಸುತ್ತೇವೋ ತುಂಡಿನಿಂದಲೋ ಎಂಬುದನ್ನು ನೋಡಬೇಕು.

ಕಬ್ಬಿನ ಕಥೆ ಇನ್ನೂ ಸ್ವಾರಸ್ಯದ್ದು. ಕೊಯಮತ್ತೂರಿನಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಅವರು 1912ರಲ್ಲಿ ದಪ್ಪ ಜಲ್ಲೆಯ ರಸಗಬ್ಬನ್ನು ನದೀತೀರದ ಕಾಡುಕಬ್ಬಿನ ಹುಲ್ಲಿನೊಂದಿಗೆ ಸಂಕರ ಮಾಡಿದರು. ಅದರಿಂದ ಬಂದ ಕೋ 205 ತಳಿ 1918ರಲ್ಲಿ ರೈತರಿಗೆ ಸಿಕ್ಕಿತು. ರಸಗಬ್ಬಿನಲ್ಲಿ 80, ಆ ಹುಲ್ಲಿನಲ್ಲಿ 64 ವರ್ಣತಂತುಗಳು. ಅರ್ಧರ್ಧ ಕೂಡಿದರೆ 40 ಮತ್ತು 32 ಸೇರಿ 72 ಆಗಬೇಕಿತ್ತು. ಎಣಿಸಿ ನೋಡಿದರೆ 112! ತಾಯಿಕಬ್ಬು ತನ್ನ 80ನ್ನು ಅರ್ಧ ಮಾಡದೆ ಪೂರ್ತಿಯಾಗಿ ಕೊಟ್ಟಿತ್ತು, ಹುಲ್ಲು ಮಾತ್ರ ನಿಯಮದಂತೆ 32 ಕೊಟ್ಟಿತ್ತು. ಮಿಯಾಸಿಸ್ ಸಹ ಒಮ್ಮೊಮ್ಮೆ ಹೀಗೆ ದಾರಿ ತಪ್ಪುತ್ತದೆ. ಇಲ್ಲಿ ಅದರಿಂದ ಒಳ್ಳೆಯದೇ ಆಯಿತು. ಸಿಹಿಯ ಕಡೆಯ ಪಾಲು ಹೆಚ್ಚಾಗಿ, ಹುಲ್ಲಿನ ಗಟ್ಟಿತನವೂ ಬಂತು.

ಬೆಸಸಂಖ್ಯೆಯಾದರೆ ಏನಾಗುತ್ತದೆಂಬುದಕ್ಕೆ ಹಸು ಸಾಕಿದವರ ಬದುವಿನಲ್ಲೇ ಉದಾಹರಣೆಯಿದೆ. ಹೈಬ್ರಿಡ್ ನೇಪಿಯರ್ ಹುಲ್ಲು ಸಜ್ಜೆ ಮತ್ತು ಆನೆಹುಲ್ಲಿನ ಸಂಕರ. ಸಜ್ಜೆಯ 14ರ ಅರ್ಧ 7, ಆನೆಹುಲ್ಲಿನ 28ರ ಅರ್ಧ 14, ಒಟ್ಟು 21. ಬೆಳವಣಿಗೆಗೆ ಯಾವ ತೊಡಕೂ ಇಲ್ಲ, ಏಕೆಂದರೆ ಮೈಟಾಸಿಸ್‌ಗೆ ಜೋಡಿ ಬೇಕಿಲ್ಲ. ಆದರೆ ಹೂವಿನಲ್ಲಿ ಜೋಡಿ ಕೂಡುವ ಸಮಯ ಬಂದಾಗ ಕೆಲವು ತಂತುಗಳಿಗೆ ಸಂಗಾತಿಯೇ ಇಲ್ಲ. ಹಂಚಿಕೆ ಹದಗೆಟ್ಟು ಬೀಜ ಕಟ್ಟುವುದಿಲ್ಲ. ಆದ್ದರಿಂದಲೇ ನೇಪಿಯರನ್ನು ಕಾಂಡದ ತುಂಡಿನಿಂದ ನೆಡುವುದು. ಕುದುರೆಯ 64, ಕತ್ತೆಯ 62 ಕೂಡಿ ಹುಟ್ಟುವ ಹೇಸರಗತ್ತೆಗೆ 63. ಅದು ಹೊರೆ ಹೊರುತ್ತದೆ, ಮರಿ ಹಾಕುವುದಿಲ್ಲ. ಬೀಜವಿಲ್ಲದ ಕಲ್ಲಂಗಡಿಯನ್ನು ಜಪಾನಿನ ಕಿಹಾರಾ ಮತ್ತು ಅವರ ಜೊತೆಗಾರರು ಇದೇ ಲೆಕ್ಕದಿಂದ ಮಾಡಿದರು. 22 ಇದ್ದ ಸಂಖ್ಯೆಯನ್ನು ಕೊಲ್ಚಿಸಿನ್ ಎಂಬ ವಸ್ತುವಿನಿಂದ 44ಕ್ಕೆ ಏರಿಸಿ, ಅದನ್ನು ಮತ್ತೆ 22ರದರೊಂದಿಗೆ ಕೂಡಿಸಿ 33 ಪಡೆದರು. ನಮ್ಮ ಬೇಲಿಗಳಲ್ಲಿ ಹಬ್ಬುವ ಗೌರಿ ಹೂವಿನ ಬಳ್ಳಿಯ ಗೆಡ್ಡೆಯಲ್ಲಿಯೂ ಈ ಕೊಲ್ಚಿಸಿನ್ ಇದೆ. ಅದು ಕೋಶವನ್ನು ಒಡೆಯಗೊಡದ ಘೋರ ವಿಷ, ಮಕ್ಕಳು ಬಾಯಿಗಿಡದಂತೆ ನೋಡಿಕೊಳ್ಳಬೇಕು.

ಬಾಳೆಯಲ್ಲೂ ಹೀಗೆಯೇ. ಕಾಡುಬಾಳೆಯಲ್ಲಿ 22 ತಂತುಗಳಿದ್ದು, ಹಣ್ಣಿನ ತುಂಬ ಕಲ್ಲಿನಂತಹ ಕರಿ ಬೀಜ. ನಮ್ಮ ರಸಬಾಳೆ, ಪಚ್ಚಬಾಳೆಗಳಲ್ಲಿ 33. ಬೀಜ ಕಟ್ಟಲಾರದ ಈ ಗಿಡಗಳನ್ನು ಸಾವಿರಾರು ವರ್ಷಗಳಿಂದ ಮನುಷ್ಯ ಕಂದು ಕಿತ್ತು ನೆಟ್ಟು ಉಳಿಸಿದ್ದಾನೆ.

ಮೈಟಾಸಿಸ್‌ನ ಇನ್ನೊಂದು ಮುಖ ಕಾಣುವುದು ಇಲ್ಲೇ. ನಂಜನಗೂಡು ರಸಬಾಳೆಯ ಪ್ರತಿ ಗಿಡವೂ ಇನ್ನೊಂದರ ನಕಲು. ಪನಾಮಾ ಸೊರಗು ರೋಗದ ಶಿಲೀಂಧ್ರಕ್ಕೆ ಒಂದು ಗಿಡ ಬಲಿಯಾದರೆ ತೋಟದ ಎಲ್ಲವೂ ಬಲಿಯಾಗುತ್ತವೆ, ಏಕೆಂದರೆ ತಡೆಯುವ ಗುಣವುಳ್ಳ ಬೇರೆ ಗಿಡವೊಂದು ಆ ಗುಂಪಿನಲ್ಲಿ ಹುಟ್ಟಲು ಅವಕಾಶವೇ ಇಲ್ಲ. ಒಂದು ಕಾಲಕ್ಕೆ ಊರಿಗೆ ಹೆಸರು ತಂದ ಆ ಬಾಳೆ ತನ್ನ ಸೀಮೆಯಲ್ಲೇ ಕಾಣದಷ್ಟು ಕಡಿಮೆಯಾದದ್ದು ಇದರಿಂದ. ಮಧ್ಯ ಅಮೆರಿಕದ ತೋಟಗಳಲ್ಲಿ ಗ್ರೋ ಮಿಷೆಲ್ ಎಂಬ ಬಾಳೆಯೂ ಇದೇ ರೋಗದಿಂದ 1960ರ ದಶಕದ ಹೊತ್ತಿಗೆ ಮೂಲೆಗುಂಪಾಯಿತು. ಅಂಗಾಂಶ ಕೃಷಿಯ ರಸಬಾಳೆ ಸಸಿ ಕೊಳ್ಳುವವರು ಒಂದು ಮಾತು ತಿಳಿದಿರಬೇಕು. ಸರಿಯಾಗಿ ತಯಾರಿಸಿದ ಸಸಿ ಶಿಲೀಂಧ್ರವಿಲ್ಲದೆ ಬರುತ್ತದೆ, ಆದರೆ ರೋಗ ತಡೆಯುವ ಹೊಸ ಶಕ್ತಿಯೇನೂ ಅದಕ್ಕೆ ಬಂದಿರುವುದಿಲ್ಲ. ಅದೂ ನಕಲೇ. ಸೊರಗು ಬಂದು ಹೋದ ಮಣ್ಣಿನಲ್ಲಿ ನೆಟ್ಟರೆ ಹಣ ಮಣ್ಣುಪಾಲು.

ನಕಲು ಮಾಡುವಾಗಲೂ ಅಪರೂಪಕ್ಕೊಮ್ಮೆ ಅಕ್ಷರ ತಪ್ಪುವುದುಂಟು. ಆಗ ಒಂದು ಕೊಂಬೆ ಮಾತ್ರ ಬೇರೆ ರೀತಿಯ ಹಣ್ಣು ಕೊಡುತ್ತದೆ. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಪರಿಚಯವಿರುವ ಸೊನಾಕಾ, ತಾಸ್-ಎ-ಗಣೇಶ್ ತಳಿಗಳು ಥಾಮ್ಸನ್ ಸೀಡ್‌ಲೆಸ್ ಬಳ್ಳಿಯಲ್ಲಿ ಹೀಗೆ ಕಾಣಿಸಿಕೊಂಡು, ಮಹಾರಾಷ್ಟ್ರದ ರೈತರ ಕಣ್ಣಿಗೆ ಬಿದ್ದು ಉಳಿದವು. ತೋಟದಲ್ಲಿ ಅಂತಹ ಕೊಂಬೆ ಕಂಡರೆ ಕಡಿದು ಒಲೆಗೆ ಹಾಕುವ ಮುನ್ನ ಗುರುತು ಕಟ್ಟಿ, ತಿಳಿದವರಿಗೆ ತೋರಿಸಿರಿ.

ಬೀಜವಾದರೂ ನಕಲು

ಕೊಡಗಿನ ಕಿತ್ತಳೆಯನ್ನು ಬಹುಕಾಲ ಬೀಜದಿಂದಲೇ ಬೆಳೆಸಿದ್ದಾರೆ, ಆದರೂ ಅದು ತನ್ನ ಗುಣ ಬಿಟ್ಟಿಲ್ಲ. ಮೇಲೆ ಹೇಳಿದ್ದಕ್ಕೆಲ್ಲ ಇದು ವಿರುದ್ಧವಾಗಿ ಕಾಣಬಹುದು. ಕಿತ್ತಳೆ, ನಿಂಬೆಗಳ ಒಂದು ಬೀಜವನ್ನು ನೆಟ್ಟರೆ ಎರಡು ಮೂರು ಮೊಳಕೆ ಬರುವುದನ್ನು ನೋಡಿರುತ್ತೀರಿ. ಅವುಗಳಲ್ಲಿ ಒಂದು ಮಾತ್ರ ಪರಾಗ ಮತ್ತು ಅಂಡ ಕೂಡಿ ಆದದ್ದು. ಉಳಿದವು ಅಂಡದ ಸುತ್ತಲಿನ ತಾಯಿಯ ಕೋಶಗಳಿಂದ ಮೈಟಾಸಿಸ್ ಮೂಲಕವೇ ಹುಟ್ಟಿದ ಭ್ರೂಣಗಳು. ಎಂದರೆ ಬೀಜದ ರೂಪದಲ್ಲಿರುವ ತುಂಡು! ನರ್ಸರಿಯಲ್ಲಿ ಪಾತಿಯ ಬಹುಪಾಲಿಗಿಂತ ತೀರ ಗಿಡ್ಡವಾಗಿಯೋ ತೀರ ಬೇರೆಯಾಗಿಯೋ ಕಾಣುವ ಸಸಿಗಳನ್ನು ಕಿತ್ತುಹಾಕಿದರೆ ಉಳಿದವು ಬಹುಮಟ್ಟಿಗೆ ತಾಯಿಯಂತೆಯೇ ಬರುತ್ತವೆ. ಪಶ್ಚಿಮ ಕರಾವಳಿಯ ಓಲೂರು, ಬಪ್ಪಕಾಯಿ ಮಾವುಗಳ ಓಟೆಯೂ ಹೀಗೆ ಹಲವು ಮೊಳಕೆಯದು. ಕಸಿ ಕಟ್ಟಲು ಒಂದೇ ಸಮನಾದ ಬೇರುಸಸಿ ಬೇಕಾದಾಗ ಇಂತಹ ಓಟೆ ಉಪಯೋಗಕ್ಕೆ ಬರುತ್ತದೆ. ಬಾದಾಮಿಯ ಓಟೆ ಹಾಗಲ್ಲ, ಅದರಲ್ಲಿ ಒಂದೇ ಮೊಳಕೆ, ಅದೂ ಬೆರಕೆ. ಹಣ್ಣು ರುಚಿಯಾಗಿತ್ತೆಂದು ಹಿತ್ತಲಲ್ಲಿ ಓಟೆ ಹೂಳುವವರು ಇದನ್ನು ನೆನಪಿಡಬೇಕು.

ಹೊಲದಲ್ಲಿ ಮಿಯಾಸಿಸ್‌ನ ದಿನಗಳು

ಕೊನೆಯದಾಗಿ ನೀರಿನ ವಿಷಯ. ಭತ್ತದಲ್ಲಿ ಮೈಟಾಸಿಸ್ ಬಿತ್ತಿದ ದಿನದಿಂದ ನಡೆಯುತ್ತಲೇ ಇರುತ್ತದೆ. ಒಂದು ವಾರ ನೀರು ತಪ್ಪಿ ಬೆಳವಣಿಗೆ ನಿಂತರೂ ಮತ್ತೆ ನೀರು ಸಿಕ್ಕಿದಾಗ ಗಿಡ ಚೇತರಿಸಿಕೊಳ್ಳುತ್ತದೆ. ಮಿಯಾಸಿಸ್ ಹಾಗಲ್ಲ. ಒಂದು ತೆನೆಯಲ್ಲಿ ಅದು ಕೆಲವೇ ದಿನಗಳ ಕೆಲಸ, ತಪ್ಪಿದರೆ ಮತ್ತೆ ಬಾರದು. ತೆನೆ ಹೊರಬರುವುದಕ್ಕೆ ಸುಮಾರು ಹತ್ತು ಹನ್ನೆರಡು ದಿನ ಮುಂಚೆ, ಹೊಡೆ ಕಟ್ಟಿರುವಾಗ, ಈ ಘಟ್ಟ ಬರುತ್ತದೆ. ಆಗ ಗದ್ದೆ ಒಣಗಿದರೆ ಅಥವಾ ರಾತ್ರಿ ಚಳಿ ಅತಿಯಾದರೆ ಪರಾಗ ಸತ್ವಹೀನವಾಗುತ್ತದೆ. ಅಂಡಕ್ಕಿಂತ ಪರಾಗವೇ ಹೆಚ್ಚು ನಾಜೂಕು. ತೆನೆ ನೋಡಲು ಸರಿಯಾಗಿಯೇ ಹೊರಬಂದು, ಕೊಯ್ಲಿನ ಹೊತ್ತಿಗೆ ಅರ್ಧ ಜೊಳ್ಳೆಂದು ತಿಳಿಯುತ್ತದೆ. ಬೇಸಿಗೆ ಬೆಳೆಯನ್ನು ಹೊತ್ತು ತಪ್ಪಿಸಿ ಬಿತ್ತಿದಾಗ ಬರುವ ಜೊಳ್ಳಿಗೆ ಎಷ್ಟೋ ಸಲ ಕೀಟವನ್ನು ದೂರಿ ಔಷಧಿ ಹೊಡೆಯುತ್ತೇವೆ.

ಈ ದಿನಗಳನ್ನು ಗುರುತಿಸಲು ಸೂಕ್ಷ್ಮದರ್ಶಕ ಬೇಕಿಲ್ಲ. ಕೊನೆಯದಾಗಿ ಬರುವ ಎಲೆ, ಎಂದರೆ ಧ್ವಜದೆಲೆ, ಕಾಂಡದಿಂದ ಅಗಲುವ ಜಾಗವನ್ನು ನೋಡಿರಿ. ಅಲ್ಲಿ ಕಿವಿಯಂತಹ ಎರಡು ಸಣ್ಣ ಮಡಿಕೆಗಳಿರುತ್ತವೆ. ಅದರ ಕೆಳಗಿನ ಎಲೆಗೂ ಇಂತಹದೇ ಕಿವಿಗಳಿವೆ. ಧ್ವಜದೆಲೆಯ ಕಿವಿ ಮೇಲೇರುತ್ತಾ ಬಂದು ಕೆಳಗಿನ ಎಲೆಯ ಕಿವಿಯ ಮಟ್ಟಕ್ಕೆ ಸರಿಸಮವಾದಾಗ, ಒಳಗಿನ ತೆನೆಯಲ್ಲಿ ಮಿಯಾಸಿಸ್ ಭರದಿಂದ ಸಾಗಿರುತ್ತದೆ. ಕಾಲುವೆಯಲ್ಲಿ ಸರದಿಯ ನೀರು ಒಂದೇ ಸಲ ಸಿಗುವಂತಿದ್ದು, ಮುಂದೆಯೋ ಹಿಂದೆಯೋ ಎಂದು ಆರಿಸುವ ಅವಕಾಶವಿದ್ದರೆ, ಗದ್ದೆಯ ನಾಲ್ಕಾರು ಕಡೆ ಗಿಡ ಹಿಡಿದು ಈ ಗುರುತು ನೋಡಿ ಆ ವಾರಕ್ಕೆ ನೀರು ಕೇಳಿರಿ.